ಕಾಳು ಹಾಕುವ ಕಲ್ಲಿನ ಮೇಲೆ ಗೊರವಂಕಗಳದೇ ದರ್ಬಾರು: ಗುಬ್ಬಿಗೆ ಪಾಲು ಮುಟ್ಟಿಸುವುದು ಹೇಗೆ?

ಶಾಬಾದ್ ಅಂಗಳ (ಕಲಬುರಗಿ)

ಎಲ್ಲರಿಗೂ ಶರಣು. ನಮ್ಮ ಹಿತ್ತಲಿನ ಬೇವಿನ ಮರದ ಕೆಳಗೆ ಹಳೆಯ ಶಾಬಾದ್ ಕಲ್ಲೊಂದನ್ನು ಇಟ್ಟಿಗೆಗಳ ಮೇಲೆ ಎತ್ತರಿಸಿ ಇಟ್ಟು, ದಿನವೂ ಬೆಳಿಗ್ಗೆ ಎರಡು ಬೊಗಸೆ ಜೋಳ ಮತ್ತು ಅಕ್ಕಿನುಚ್ಚು ಹಾಕುತ್ತೇನೆ. ಪಕ್ಕದಲ್ಲಿ ಮಣ್ಣಿನ ಬೋಗುಣಿಯಲ್ಲಿ ನೀರಿರುತ್ತದೆ. ಇದನ್ನೆಲ್ಲ ಶುರು ಮಾಡಿದ್ದು ಗುಬ್ಬಿಗಳಿಗಾಗಿ. ಓಣಿಯಲ್ಲಿ ಮಾಳಿಗೆ ಮನೆಗಳು ಹೋಗಿ ಕಾಂಕ್ರೀಟಿನ ಮನೆಗಳು ಬಂದ ಮೇಲೆ, ಜಂತಿಯ ಸಂದಿಯಲ್ಲಿ ಗೂಡು ಕಟ್ಟುತ್ತಿದ್ದ ಗುಬ್ಬಿಗಳಿಗೆ ನೆಲೆಯೇ ತಪ್ಪಿದೆ. ಉಳಿದಿರುವ ಒಂದು ಸಣ್ಣ ಗುಂಪಾದರೂ ನಮ್ಮಲ್ಲಿ ನಿಲ್ಲಲಿ ಎಂಬ ಆಸೆ.

ಆದರೆ ಕಲ್ಲಿನ ಮೇಲೆ ಈಗ ನಡೆಯುವುದೇ ಬೇರೆ. ಒಂದು ಜೋಡಿ ಗೊರವಂಕ ಬಂದು ನಟ್ಟನಡುವೆ ನಿಂತರೆ ಮಿಕ್ಕ ಹಕ್ಕಿಗಳಿಗೆ ಜಾಗವಿಲ್ಲ. ಬೆಳವಗಳು ತಮ್ಮತಮ್ಮಲ್ಲೇ ರೆಕ್ಕೆ ಬಡಿದಾಡುತ್ತವೆ. ಒಂಬತ್ತು ಗಂಟೆಯ ಹೊತ್ತಿಗೆ ಹಿಂದಿನ ಅಪಾರ್ಟ್‌ಮೆಂಟಿನಿಂದ ಪಾರಿವಾಳಗಳ ಹಿಂಡು ಇಳಿದು ಒಂದು ಕಾಳೂ ಉಳಿಯದಂತೆ ತಿಂದು ಹೋಗುತ್ತದೆ. ಗುಬ್ಬಿಗಳು ಮಾತ್ರ ಮದರಂಗಿ ಬೇಲಿಯಲ್ಲಿ ಕೂತು ಕಾಯುತ್ತವೆ, ಕಲ್ಲಿನಿಂದ ಕೆಳಗೆ ಉದುರಿದ್ದನ್ನು ಹೆಕ್ಕಿಕೊಂಡು ಓಡುತ್ತವೆ. ಇದನ್ನು ನೋಡಿ ಸಂಕಟವಾಗುತ್ತದೆ. ಗೊರವಂಕಗಳನ್ನು ಓಡಿಸುವುದು ಸರಿಯೇ? ಓಡಿಸದೆಯೇ ಗುಬ್ಬಿಗೆ ಪಾಲು ಸಿಗುವ ದಾರಿ ಏನಾದರೂ ಇದೆಯೇ? ಬಲ್ಲವರು ದಯವಿಟ್ಟು ತಿಳಿಸಿ.


ಮಾಳಿಗೆ ಮನೆ (ಆಳಂದ)

ತಾಯಿ, ಓಡಿಸಬೇಡಿ. ಹೊಲ ಕಾಯಲು ಕೂತ ಶರಣಬಸವೇಶ್ವರರು ಹಕ್ಕಿಗಳನ್ನು ಓಡಿಸದೆ ತೆನೆ ತಿನ್ನಲು ಬಿಟ್ಟರು, ಕುಡಿಯಲು ನೀರನ್ನೂ ಇಟ್ಟರು ಎಂಬ ಕಥೆಯನ್ನು ಕೇಳುತ್ತಲೇ ಬೆಳೆದವರು ನಾವು. ಆ ಹೊಲದಲ್ಲಿ ಇಂಥ ಹಕ್ಕಿಗೆ ಉಂಟು, ಇಂಥದ್ದಕ್ಕೆ ಇಲ್ಲ ಎಂಬ ಭೇದ ಇರಲಿಲ್ಲ. ದಾಸೋಹ ಎಂದ ಮೇಲೆ ಬಂದವರಿಗೆಲ್ಲ ಬಡಿಸಬೇಕು. ಗೊರವಂಕಕ್ಕೂ ಹೊಟ್ಟೆ ಇದೆ, ಕಾಗೆಗೂ ಇದೆ.


ಮೇಷ್ಟ್ರು (ಸುರಪುರ)

ಅಕ್ಕ, ನೀವು ನೋಡುತ್ತಿರುವುದು ನಿಮ್ಮ ಹಿತ್ತಲಿಗೆ ಮಾತ್ರ ಸೇರಿದ್ದಲ್ಲ. ಹಕ್ಕಿಗಳಿಗೆ ಕಾಳು ಹಾಕುವ ಕಡೆಯಲ್ಲೆಲ್ಲ ಇದು ನಡೆಯುತ್ತದೆ, ಮತ್ತು ಇದಕ್ಕೊಂದು ಕ್ರಮವೂ ಇದೆ. ಅಮೆರಿಕದಲ್ಲಿ ಮನೆಮನೆಯ ಅಂಗಳದಲ್ಲಿ ಹಕ್ಕಿ ನೋಡುವ ಸಾವಿರಾರು ಜನರಿಂದ, ಯಾವ ಹಕ್ಕಿ ಯಾವುದನ್ನು ಓಡಿಸಿತು ಎಂಬ ಮಾಹಿತಿ ಕಲೆಹಾಕಿ 2017ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 136 ಜಾತಿಯ ಹಕ್ಕಿಗಳು, ಏಳು ಸಾವಿರಕ್ಕೂ ಹೆಚ್ಚು ಜಟಾಪಟಿಗಳ ಲೆಕ್ಕ ಅದರಲ್ಲಿದೆ. ಗೆಲುವನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ದೇಹದ ತೂಕ. ನಮ್ಮ ಗುಬ್ಬಿ ಸುಮಾರು 25 ಗ್ರಾಂ ತೂಗುತ್ತದೆ, ಪಿಕಳಾರ 40ರ ಆಸುಪಾಸು, ಗೊರವಂಕ 110 ಗ್ರಾಂ, ಕಾಗೆ ಮತ್ತು ಪಾರಿವಾಳ 300 ಗ್ರಾಂ. ನಿಮ್ಮ ಕಲ್ಲಿನ ಮೇಲೆ ಯಾರು ಯಾರಿಗೆ ಜಾಗ ಬಿಡುತ್ತಾರೆ ಎಂಬುದಕ್ಕೆ ಈ ಲೆಕ್ಕವೇ ಬಹುಪಾಲು ಸಾಕು.

ಅದೇ ಅಧ್ಯಯನದಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಬೇರೆ. ಮರಕುಟಿಗಗಳು ತಮ್ಮ ತೂಕಕ್ಕೆ ಮೀರಿದ ಗತ್ತು ತೋರಿಸುತ್ತವೆ. ಬೆಳವದ ಜಾತಿಯವು ತೂಕ ಇದ್ದರೂ ಹಿಂದೆ ಸರಿಯುತ್ತವೆ. ನಮ್ಮ ಶಾಲೆಯ ಅಂಗಳದಲ್ಲೂ ಹಾಗೆಯೇ. ಬೆಳವ ಇನ್ನೊಂದು ಬೆಳವದ ಜೊತೆ ಕಾದಾಡುತ್ತದೆ, ಆದರೆ ಗೊರವಂಕ ಎರಡು ಹೆಜ್ಜೆ ಮುಂದಿಟ್ಟರೆ ಸಾಕು, ಜಾಗ ಬಿಡುತ್ತದೆ. ಹೆಚ್ಚಿನ ಜಗಳಗಳು ಹೀಗೆ ಮುಟ್ಟದೆಯೇ ಮುಗಿಯುತ್ತವೆ. ಗಾಯ ಮಾಡಿಕೊಳ್ಳುವುದು ಯಾವ ಹಕ್ಕಿಗೂ ಲಾಭವಲ್ಲ.

ಇನ್ನು ದಾರಿಯ ಮಾತು. ಜೆರಮ್ ಬ್ರೌನ್ ಎಂಬ ಅಮೆರಿಕದ ವಿಜ್ಞಾನಿ 1964ರಲ್ಲಿ ಒಂದು ಸರಳವಾದ ವಿಚಾರ ಮುಂದಿಟ್ಟರು: ಕಾವಲು ಕಾಯಲು ತಗಲುವ ಶ್ರಮಕ್ಕಿಂತ ಸಿಗುವ ಆಹಾರ ಹೆಚ್ಚಿದ್ದರೆ ಮಾತ್ರ ಪ್ರಾಣಿ ಆ ಜಾಗವನ್ನು ಕಾಯುತ್ತದೆ. ನಿಮ್ಮ ಎರಡು ಬೊಗಸೆ ಕಾಳು ಒಂದೇ ಕಲ್ಲಿನ ಮೇಲಿದೆ. ಒಂದು ಜೋಡಿ ಗೊರವಂಕ ಅದನ್ನು ಸುಲಭವಾಗಿ ಕಾಯಬಲ್ಲದು. ಅದನ್ನೇ ಹಿತ್ತಲಿನ ನಾಲ್ಕೈದು ಕಡೆ, ಒಂದು ಕಡೆಯಿಂದ ಇನ್ನೊಂದು ಕಡೆ ಕಾಣದ ಹಾಗೆ, ತೆಳುವಾಗಿ ಎರಚಿದರೆ ಕಾಯುವುದು ಯಾರಿಂದಲೂ ಆಗದು. ಮದುವೆ ಮನೆಯಲ್ಲಿ ಒಂದೇ ಹಂಡೆಯ ಸುತ್ತ ನಿಂತರೆ ನೂಕಾಟ, ಸಾಲು ಪಂಕ್ತಿ ಹಾಕಿದರೆ ಎಲ್ಲರಿಗೂ ಎಲೆ. ಆಳಂದದ ಅಣ್ಣನವರ ದಾಸೋಹದ ಮಾತಿಗೂ ಇದು ಹೊಂದುತ್ತದೆ, ಪಂಕ್ತಿಯಲ್ಲಿ ಕೂರಿಸಿ ಬಡಿಸಬೇಕು ಅಷ್ಟೇ.

ಕಾಳನ್ನೂ ಬದಲಿಸಿ. ಇಡೀ ಜೋಳ ಎಂದರೆ ಪಾರಿವಾಳ, ಬೆಳವ, ಗಿಳಿಗಳಿಗೆ ಆಹ್ವಾನ. ಗುಬ್ಬಿಗೆ ಸಜ್ಜೆ, ನವಣೆ ಸಾಕು. ಗೊರವಂಕಕ್ಕೆ ಒಣ ಸಣ್ಣ ಕಾಳಿನ ಮೇಲೆ ಅಷ್ಟೇನೂ ಮೋಹವಿಲ್ಲ. ಅದು ಹುಳು, ಹಣ್ಣು, ಅನ್ನ, ರೊಟ್ಟಿ ಹುಡುಕುವ ಹಕ್ಕಿ. ನುಚ್ಚಿನ ಜೊತೆ ಉಳಿದ ಅನ್ನವನ್ನೂ ಹಾಕುತ್ತಿದ್ದರೆ ಗೊರವಂಕ ಬರುವುದು ಅದಕ್ಕೇ.


ಶಾಬಾದ್ ಅಂಗಳ (ಕಲಬುರಗಿ)

ಮೇಷ್ಟ್ರೇ, ಬಹಳ ಉಪಕಾರವಾಯಿತು. ಹೌದು, ರಾತ್ರಿಯ ಅನ್ನ ಉಳಿದರೆ ಅದನ್ನೂ ಅಲ್ಲೇ ಹಾಕುವ ರೂಢಿ ನಮ್ಮ ಅತ್ತೆಯವರ ಕಾಲದಿಂದ ಇದೆ. ಇನ್ನೊಂದು ಕೇಳಬೇಕಿತ್ತು. ಒಂದು ಗುಬ್ಬಿ ಮೊದಲು ಬಂದು ಬೇಲಿಯ ತುದಿಯಲ್ಲಿ ಕೂತು ಒಂದೇ ಸಮನೆ ಕೂಗುತ್ತದೆ, ಆಮೇಲೆ ಉಳಿದವು ಬರುತ್ತವೆ. ತಾನೊಂದೇ ತಿಂದು ಹೋಗಬಹುದಲ್ಲ, ಯಾಕೆ ಕರೆಯುತ್ತದೆ?


ಮೇಷ್ಟ್ರು (ಸುರಪುರ)

ಒಳ್ಳೆಯ ಪ್ರಶ್ನೆ ಅಕ್ಕ. ಇಂಗ್ಲೆಂಡಿನಲ್ಲಿ ಮಾರ್ಕ್ ಎಲ್ಗಾರ್ ಎಂಬುವರು ಇದನ್ನೇ ಪರೀಕ್ಷಿಸಿ 1986ರಲ್ಲಿ ಪ್ರಕಟಿಸಿದರು. ಬ್ರೆಡ್ಡನ್ನು ಪುಡಿ ಮಾಡಿ ಹಾಕಿದಾಗ ಮೊದಲು ಬಂದ ಗುಬ್ಬಿ ಹೆಚ್ಚು ಕರೆಯಿತು. ಅಷ್ಟೇ ಬ್ರೆಡ್ಡನ್ನು ಹಂಚಲಾಗದ ಒಂದೇ ತುಂಡಾಗಿ ಇಟ್ಟಾಗ ಕರೆಯುವುದು ಕಡಿಮೆಯಾಯಿತು. ಗುಂಪಿನಲ್ಲಿ ತಿನ್ನುವಾಗ ಶಿಕ್ರಾದಂಥ ಬೇಟೆಗಾರ ಹಕ್ಕಿ ಬಂದರೆ ಗಮನಿಸಲು ಕಣ್ಣುಗಳು ಹೆಚ್ಚು, ಪ್ರತಿಯೊಂದೂ ನಿಶ್ಚಿಂತೆಯಿಂದ ತಿನ್ನಬಹುದು. ಹಂಚಿಕೊಳ್ಳಲು ಸಾಕಷ್ಟಿದ್ದರೆ ಕರೆಯುವುದರಿಂದ ಲಾಭವೇ. ಹಾಗಾಗಿ ತೆಳುವಾಗಿ ಎರಚಿದ ಸಣ್ಣ ಕಾಳು ಗುಬ್ಬಿಯ ಸ್ವಭಾವಕ್ಕೇ ಒಗ್ಗುತ್ತದೆ.

ಗಂಡು ಗುಬ್ಬಿಯ ಕೊರಳಿನ ಕಪ್ಪು ಮಚ್ಚೆ ದೊಡ್ಡದಿದ್ದಷ್ಟೂ ಅದಕ್ಕೆ ಗುಂಪಿನಲ್ಲಿ ಯಜಮಾನಿಕೆ ಎಂದು ಬಹುಕಾಲ ನಂಬಿದ್ದರು. ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2018ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಅದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಮಕ್ಕಳಿಗೆ ನಾನು ಇದನ್ನು ಹೇಳುತ್ತಿರುತ್ತೇನೆ, ವಿಜ್ಞಾನ ತನ್ನ ಮಾತನ್ನು ತಾನೇ ತಿದ್ದಿಕೊಳ್ಳುವುದನ್ನು ಅವರು ನೋಡಬೇಕು.


ನಿವೃತ್ತ ಪಶುವೈದ್ಯ (ಬೀದರ್)

ಜಗಳದ ಬಗ್ಗೆ ಇಷ್ಟು ಮಾತಾಯಿತು, ರೋಗದ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಮಟ್ಟಿಗೆ ಗುಬ್ಬಿಗೆ ಗೊರವಂಕಕ್ಕಿಂತ ದೊಡ್ಡ ಶತ್ರು ತೊಳೆಯದ ತಟ್ಟೆ.

ಪಾರಿವಾಳಗಳ ಗಂಟಲಿನಲ್ಲಿ ಟ್ರೈಕೊಮೊನಾಸ್ ಎಂಬ ಒಂದೇ ಕೋಶದ ಪರಾವಲಂಬಿ ಜೀವಿ ಸಾಮಾನ್ಯವಾಗಿ ಇರುತ್ತದೆ. ಬ್ರಿಟನ್ನಿನಲ್ಲಿ 2005ರ ಹೊತ್ತಿಗೆ ಅದು ಪಾರಿವಾಳ ಜಾತಿಯ ಹಕ್ಕಿಗಳಿಂದ ಗ್ರೀನ್‌ಫಿಂಚ್ ಎಂಬ ಪುಟ್ಟ ಹಕ್ಕಿಗೆ ದಾಟಿತು. ಮನೆಯಂಗಳದ ಕಾಳಿನ ತಟ್ಟೆ, ನೀರಿನ ಬಟ್ಟಲು ಅದು ಹರಡಲು ದಾರಿಯಾದವು. ಅಲ್ಲಿ ಆ ಹಕ್ಕಿಯ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಅಮೆರಿಕದಲ್ಲಿ 1994ರಲ್ಲಿ ವಾಷಿಂಗ್ಟನ್ ಸುತ್ತಮುತ್ತ ಹೌಸ್ ಫಿಂಚ್ ಹಕ್ಕಿಗಳ ಕಣ್ಣು ಊದಿ ಕುರುಡಾಗುವ ಬೇನೆ ಕಾಣಿಸಿಕೊಂಡು ದೇಶದುದ್ದಕ್ಕೂ ಹಬ್ಬಿತು. ಕಾಡಿನಲ್ಲಿ ಚದುರಿ ತಿನ್ನುವ ಹಕ್ಕಿಗಳನ್ನು ನಾವು ಒಂದೇ ತಟ್ಟೆಗೆ ಕರೆದು ಒತ್ತೊತ್ತಾಗಿ ನಿಲ್ಲಿಸುತ್ತೇವೆ. ಅದಕ್ಕೆ ತಕ್ಕ ಜವಾಬ್ದಾರಿಯೂ ನಮ್ಮದೇ.

ಆದ್ದರಿಂದ ತಾಯಿ, ಬೋಗುಣಿಯನ್ನು ದಿನವೂ ಉಜ್ಜಿ ತೊಳೆಯಿರಿ. ಕಲ್ಲನ್ನು ವಾರಕ್ಕೊಮ್ಮೆ ಬಿಸಿನೀರಿನಿಂದ ತೊಳೆದು ಪೂರ್ತಿ ಒಣಗಲು ಬಿಡಿ. ಆ ಪರಾವಲಂಬಿ ಹಸಿಯಲ್ಲಿ ಬದುಕುತ್ತದೆ, ಒಣಗಿದರೆ ಬೇಗ ಸಾಯುತ್ತದೆ; ನಮ್ಮ ಕಡೆಯ ಬಿಸಿಲಿಗಿಂತ ಒಳ್ಳೆಯ ಔಷಧ ಬೇರಿಲ್ಲ. ಎರಡು ಬೋಗುಣಿ ಇಟ್ಟುಕೊಂಡರೆ ಒಂದು ಒಣಗುವಾಗ ಇನ್ನೊಂದು ಕೆಲಸಕ್ಕೆ ಬರುತ್ತದೆ. ಕಾಗೆಗಳು ಗಟ್ಟಿ ರೊಟ್ಟಿ, ಎಲುಬು ತಂದು ನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿಕೊಳ್ಳುತ್ತವೆ, ಆ ನೀರು ಮಧ್ಯಾಹ್ನದೊಳಗೆ ಕೊಳೆಯುತ್ತದೆ. ಗರಿ ಉಬ್ಬಿಸಿಕೊಂಡು ತೂಕಡಿಸುವ, ಕೊಕ್ಕಿನ ಸುತ್ತ ಒದ್ದೆಯಾಗಿ ಕಾಳು ಅಂಟಿದ ಹಕ್ಕಿ ಕಂಡರೆ ಎರಡು ವಾರ ಕಾಳು ಹಾಕುವುದನ್ನೇ ನಿಲ್ಲಿಸಿ. ಚದುರಿಹೋಗುವುದೇ ಅವುಗಳಿಗೆ ಕ್ಷೇಮ.

ಪಾರಿವಾಳದ ಹಿಂಡಿಗೆ ಕಾಳು ಹಾಕುವುದನ್ನು ಖಂಡಿತ ಬಿಡಿ. ಅವುಗಳ ಹಿಕ್ಕೆಯ ಧೂಳು ಕೆಲವರ ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡುತ್ತದೆ. ಮುಂಬಯಿಯ ಕಬೂತರಖಾನೆಗಳನ್ನು 2025ರಲ್ಲಿ ಮುಚ್ಚಿಸಿದಾಗ ಎಷ್ಟು ಗದ್ದಲವಾಯಿತು, ವಿಷಯ ಹೈಕೋರ್ಟಿನವರೆಗೂ ಹೋಯಿತು. ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.


ಮಾಳಿಗೆ ಮನೆ (ಆಳಂದ)

ಡಾಕ್ಟರ್ ಸಾಹೇಬರೇ, ತೊಳೆಯುವ ಮಾತು ಒಪ್ಪಿದೆ. ಆದರೆ ಪಾರಿವಾಳವನ್ನು ಹಸಿದು ಕಳಿಸು ಎಂಬುದನ್ನು ನನ್ನ ಮನಸ್ಸು ಒಪ್ಪುವುದಿಲ್ಲ.


ನಿವೃತ್ತ ಪಶುವೈದ್ಯ (ಬೀದರ್)

ಪಾರಿವಾಳ ಹಸಿದು ಸಾಯುವುದಿಲ್ಲ. ಗಂಜ್‌ನ, ಅಂದರೆ ಧಾನ್ಯದ ಮಾರುಕಟ್ಟೆಯ, ಅಂಗಳದಲ್ಲಿ ಚೆಲ್ಲಿದ ಧಾನ್ಯವೇ ಅದು ತಿಂದು ಉಳಿಯುವಷ್ಟಿದೆ. ನಿಮ್ಮ ಕರುಣೆಗೆ ಕೈಮುಗಿಯುತ್ತೇನೆ, ಆದರೆ ಸಲಹೆ ಬದಲಿಸಲಾರೆ.


ತೊಗರಿ ಹೊಲ (ಚಿತ್ತಾಪುರ)

ರೈತನ ಕಡೆಯಿಂದಲೂ ಒಂದು ಮಾತು. ನೀವು ಹಿತ್ತಲಿನಲ್ಲಿ ನೋಡುವ ಪೈಪೋಟಿ ನಮಗೆ ಹೊಲದಲ್ಲಿ ದಿನನಿತ್ಯದ್ದು. ಹಿಂಗಾರಿ ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಗುಲಾಬಿ ಕಬ್ಬಕ್ಕಿಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲ ಕಳೆಯಲು ಬರುವ ಹಕ್ಕಿ ಅದು. ಅವು ಬಂದಾಗ ಊರ ಗೊರವಂಕಗಳು ಹೊಲದ ಅಂಚಿಗೆ ಸರಿಯುತ್ತವೆ. ನಾವು ಮಂಚಿಗೆ ಕಟ್ಟಿ ಕವಣೆ ಹಿಡಿದು ಕೂರುತ್ತೇವೆ. ಸಿಟ್ಟು ಬರುತ್ತದೆ, ನಿಜ. ಆದರೆ ಅದೇ ಹಕ್ಕಿ ಮಿಡತೆಗಳನ್ನು ಹಿಂಡುಹಿಂಡಾಗಿ ತಿನ್ನುವುದನ್ನೂ ನಾವೇ ನೋಡಿದ್ದೇವೆ. ಹಾಗಾಗಿ ಹೆದರಿಸುತ್ತೇವೆ, ಕೊಲ್ಲುವುದಿಲ್ಲ.

ಗುಬ್ಬಿಗಾಗಿ ನಮ್ಮಲ್ಲಿ ಹಳೆಯ ಪದ್ಧತಿಯೊಂದಿದೆ. ಸಜ್ಜೆಯ ತೆನೆಗಳನ್ನು ಗೊಂಚಲು ಕಟ್ಟಿ ಪಡಸಾಲೆಯ ತೊಲೆಗೆ ಸಣ್ಣ ಹುರಿಯಿಂದ ತೂಗುಬಿಡುತ್ತೇವೆ. ಗುಬ್ಬಿ, ಗೀಜಗ ತೆನೆಗೆ ಜೋತುಬಿದ್ದು ಕಾಳು ಬಿಡಿಸಿಕೊಳ್ಳುತ್ತವೆ. ಬೆಳವಕ್ಕೆ, ಪಾರಿವಾಳಕ್ಕೆ ಹಾಗೆ ಜೋತಾಡಲು ಬರುವುದಿಲ್ಲ. ಗೊರವಂಕ ಎರಡು ಸಲ ಪ್ರಯತ್ನಿಸಿ ಬಿಡುತ್ತದೆ. ಗಿಳಿ ಮಾತ್ರ ಜೋತಾಡಬಲ್ಲದು, ಆದರೆ ಜನ ಓಡಾಡುವ ಪಡಸಾಲೆಯ ಒಳಗೆ ಅದು ಬರುವುದು ಕಡಿಮೆ. ಗುಬ್ಬಿಗೆ ಮನುಷ್ಯರ ಹತ್ತಿರ ಇರಲು ಧೈರ್ಯವಿದೆ, ಆ ಧೈರ್ಯವನ್ನೇ ನಾವು ಅದರ ಪರವಾಗಿ ಬಳಸಬೇಕು.


ಕುಂಬಾರವಾಡ (ಬೀದರ್)

ಅಮೆರಿಕದಲ್ಲಿ ದೊಡ್ಡ ಹಕ್ಕಿಗಳನ್ನು ದೂರವಿಡಲು ಕುಸುಬೆ ಕಾಳು ಹಾಕುತ್ತಾರೆ ಎಂದು ಓದಿದ್ದೇನೆ. ಅಲ್ಲಿನ ಗ್ರ್ಯಾಕಲ್ ಎಂಬ ಕಪ್ಪು ಹಕ್ಕಿ ಮತ್ತು ಅಳಿಲುಗಳಿಗೆ ಅದು ಹಿಡಿಸುವುದಿಲ್ಲವಂತೆ. ಕುಸುಬೆ ನಮ್ಮದೇ ಬೆಳೆಯಲ್ಲವೇ? ಇಲ್ಲಿ ಹಾಕಿ ನೋಡಬಹುದೇ?


ತೊಗರಿ ಹೊಲ (ಚಿತ್ತಾಪುರ)

ತಮ್ಮಾ, ಬೇಡ. ಮುಳ್ಳಿನ ಗಿಡವೆಂದು ಕುಸುಬೆಯನ್ನು ಜೋಳದ ಸುತ್ತ ದನ ನುಗ್ಗದಂತೆ ಸಾಲು ಹಾಕುತ್ತೇವೆ. ದನ ನಿಲ್ಲುತ್ತದೆ, ಗಿಳಿ ನಿಲ್ಲುವುದಿಲ್ಲ. ಮುಳ್ಳಿನ ನಡುವೆಯೇ ಕೂತು ತೆನೆ ಬಿಡಿಸಿ ಕಾಳು ತಿನ್ನುತ್ತದೆ. ಕುಸುಬೆ ಹಾಕಿದರೆ ಗುಬ್ಬಿಗೆ ಸಿಪ್ಪೆ ಒಡೆಯುವುದು ಕಷ್ಟ, ಗಿಳಿಗೆ ಹಬ್ಬ. ಅಲ್ಲಿನ ಉಪಾಯ ಅಲ್ಲಿನ ಹಕ್ಕಿಗಳಿಗೆ ಸರಿ.


ಮೇಷ್ಟ್ರು (ಸುರಪುರ)

ಗಿಳಿಯ ಮಾತು ಬಂದದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಇದೇ ಗಿಳಿ, ಕೊರಳಲ್ಲಿ ಗುಲಾಬಿ ಗೆರೆಯಿರುವುದು, ಪಂಜರದಿಂದ ತಪ್ಪಿಸಿಕೊಂಡು ಲಂಡನ್ನಿನಲ್ಲಿ ಸಾವಿರಾರು ಸಂಖ್ಯೆಯಲ್ಲಿ ನೆಲೆಸಿದೆ. 2014ರಲ್ಲಿ ಪ್ರಕಟವಾದ ಅಲ್ಲಿನ ಪ್ರಯೋಗವೊಂದರಲ್ಲಿ, ಕಾಳಿನ ತಟ್ಟೆಯ ಬಳಿ ಗಿಳಿ ಇದ್ದಾಗ ಅಲ್ಲಿನ ಪುಟ್ಟ ಹಕ್ಕಿಗಳು ಬರುವುದು ಕಡಿಮೆಯಾಯಿತು, ಬಂದವು ತಿನ್ನುವುದಕ್ಕಿಂತ ಸುತ್ತ ನೋಡುವುದರಲ್ಲೇ ಹೆಚ್ಚು ಹೊತ್ತು ಕಳೆದವು. ಗಿಳಿ ಮೈಮೇಲೆ ಬೀಳಬೇಕಾಗಿಲ್ಲ, ಹತ್ತಿರ ಇದ್ದರೆ ಸಾಕು.

ಹಾಗೆಂದು ಯಾರೂ ಗಿಳಿಮರಿ ಹಿಡಿದು ಪಂಜರದಲ್ಲಿಡುವ ಯೋಚನೆ ಮಾಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.


ವೆಲ್ಡಿಂಗ್ ಅಂಗಡಿ (ಶಹಾಪುರ)

ನಾನು ಓದಿದವನಲ್ಲ, ಕೈಕೆಲಸದ ಮಾತು ಹೇಳುತ್ತೇನೆ. ಒಬ್ಬ ಮೇಡಂ ಕೇಳಿದ್ದಕ್ಕೆ ಗುಬ್ಬಿಗೆಂದೇ ತಂತಿಯ ಬೋನು ಮಾಡಿಕೊಟ್ಟಿದ್ದೇನೆ, ಚೆನ್ನಾಗಿ ನಡೆಯುತ್ತಿದೆ. ಒಂದೂವರೆ ಇಂಚಿನ ಚೌಕದ ವೆಲ್ಡ್‌ಮೆಶ್ ಸಾಕು. ಅದರಲ್ಲಿ ಗುಬ್ಬಿ, ರಾಟವಾಳ ಸಲೀಸಾಗಿ ನುಗ್ಗುತ್ತವೆ; ಗೊರವಂಕ, ಬೆಳವ, ಪಾರಿವಾಳ ಹೊರಗೇ ಉಳಿಯುತ್ತವೆ. ಗೊರವಂಕ ತಲೆ ತೂರಿಸಿ ಕೊಕ್ಕು ಚಾಚುತ್ತದೆ, ಅದಕ್ಕೆ ತಟ್ಟೆಯಿಂದ ಜಾಲರಿಗೆ ಎಲ್ಲ ಕಡೆ ಒಂದು ಗೇಣು ಅಂತರ ಬಿಡಬೇಕು. ಎಲ್ಲಕ್ಕಿಂತ ಮುಖ್ಯವಾದುದು ಇದೇ. ಕತ್ತರಿಸಿದ ತಂತಿಯ ತುದಿಗಳನ್ನು ಅರದಿಂದ ಉಜ್ಜಬೇಕು, ಇಲ್ಲದಿದ್ದರೆ ಹಕ್ಕಿಯ ಕಾಲಿಗೆ ಗಾಯ.

ಕಬ್ಬಿಣ ಬಿಸಿಲಿಗೆ ಕಾದರೆ ಕೈಯಿಂದಲೇ ಮುಟ್ಟಲಾಗುವುದಿಲ್ಲ, ಗುಬ್ಬಿಯ ಕಾಲಿನ ಗತಿ ಏನು? ದಿನವಿಡೀ ನೆರಳಿರುವ ಕಡೆ ಮಾತ್ರ ಇಡಿ. ಒಳಗಿನ ತಟ್ಟೆ ಮಣ್ಣಿನದಿರಲಿ. ಬೇಲಿಗೆ ತೀರ ಅಂಟಿಸಿ ಇಡಬೇಡಿ, ಬೆಕ್ಕು ಅಡಗಿ ಕೂರುತ್ತದೆ. ತೀರ ಬಯಲಿನಲ್ಲೂ ಬೇಡ. ಎರಡು ಮೂರು ಮೀಟರ್ ದೂರದಲ್ಲಿ ಬಾರಿ ಗಿಡವೋ ಮದರಂಗಿಯೋ ಇದ್ದರೆ ಶಿಕ್ರಾ ಬಂದಾಗ ಗುಬ್ಬಿ ಒಂದೇ ಜಿಗಿತಕ್ಕೆ ಒಳಗೆ ಸೇರುತ್ತದೆ.


ಕುಂಬಾರವಾಡ (ಬೀದರ್)

ಕಾಳಿನ ಪೈಪೋಟಿಗಿಂತ ಗೂಡಿನ ಪೈಪೋಟಿ ಹೆಚ್ಚು ಕಠಿಣ ಎಂದು ನನಗೆ ಅನಿಸುತ್ತದೆ. ಗುಬ್ಬಿ, ಗೊರವಂಕ, ಗಿಳಿ ಮೂರಕ್ಕೂ ಬೇಕಾದದ್ದು ಪೊಟರೆ ಅಥವಾ ಗೋಡೆಯ ಬಿರುಕು. ನಮ್ಮ ಕೋಟೆಯ ಗೋಡೆಗಳಲ್ಲಿ ದೊಡ್ಡ ಕಿಂಡಿಗಳನ್ನೆಲ್ಲ ಗಿಳಿ, ಪಾರಿವಾಳ, ಗೊರವಂಕಗಳು ಹಿಡಿದಿರುತ್ತವೆ. ಗುಬ್ಬಿಗೆ ಮರದ ಪೆಟ್ಟಿಗೆ ಮಾಡಿ ತೂತಿನ ಅಗಲವನ್ನು 32 ಮಿಲಿಮೀಟರ್ ಇಟ್ಟರೆ ಗುಬ್ಬಿ ಹೋಗುತ್ತದೆ, ಗೊರವಂಕ ಹೋಗಲಾರದು. ಪೆಟ್ಟಿಗೆ ಆಳೆತ್ತರಕ್ಕಿಂತ ಸಾಕಷ್ಟು ಮೇಲೆ, ಮಧ್ಯಾಹ್ನದ ಬಿಸಿಲು ಬೀಳದ ಗೋಡೆಯಲ್ಲಿರಲಿ. ಮುಂದೆ ಕೂರಲು ಕಡ್ಡಿ ಇಡಬೇಡಿ, ಗುಬ್ಬಿಗೆ ಅದು ಬೇಕಿಲ್ಲ, ಬೇಟೆಗಾರ ಹಕ್ಕಿಗೆ ಅದು ಆಸರೆ.

ಇನ್ನೊಂದು. ಗುಬ್ಬಿಮರಿಗಳಿಗೆ ಮೊದಲ ದಿನಗಳಲ್ಲಿ ಬೇಕಾದದ್ದು ಹುಳು. ತಾಯಿ ಎಷ್ಟೇ ಸಜ್ಜೆ ತಿಂದರೂ ಮರಿಗೆ ಕಂಬಳಿಹುಳು, ಸಣ್ಣ ಕೀಟಗಳನ್ನೇ ಹುಡುಕುತ್ತದೆ. ಹಿತ್ತಲಿಗೆಲ್ಲ ಕೀಟನಾಶಕ ಸಿಂಪಡಿಸಿ ಮೇಲೊಂದು ತಟ್ಟೆ ಕಾಳು ಇಟ್ಟರೆ ಗುಬ್ಬಿಯ ಸಂಸಾರ ನಡೆಯದು. 2010ರಿಂದ ಪ್ರತಿ ಮಾರ್ಚ್ 20ರಂದು ವಿಶ್ವ ಗುಬ್ಬಚ್ಚಿ ದಿನ ಬರುತ್ತದೆ, ಆ ದಿನ ಎಲ್ಲೆಡೆ ಪೆಟ್ಟಿಗೆ ಹಂಚುತ್ತಾರೆ, ಒಳ್ಳೆಯದೇ; ಪೆಟ್ಟಿಗೆಯ ಜೊತೆ ಒಂದಿಷ್ಟು ಗಿಡಗಂಟಿಯೂ ಉಳಿಯಬೇಕು. ದೇಶದ ಹಕ್ಕಿಗಳ ಸ್ಥಿತಿಗತಿ ಕುರಿತ 2020ರ ವರದಿಯ ಪ್ರಕಾರ ಒಟ್ಟಾರೆ ದೇಶದಲ್ಲಿ ಗುಬ್ಬಿಗಳ ಸಂಖ್ಯೆ ಸ್ಥಿರವಾಗಿದೆ, ಕುಸಿದಿರುವುದು ಮಹಾನಗರಗಳಲ್ಲಿ. ಕಲಬುರಗಿ, ಬೀದರ್‌ನಂಥ ಊರುಗಳು ಮಹಾನಗರಗಳ ದಾರಿ ಹಿಡಿಯದಂತೆ ನೋಡಿಕೊಳ್ಳಲು ಇನ್ನೂ ಸಮಯವಿದೆ.


ಶಾಬಾದ್ ಅಂಗಳ (ಕಲಬುರಗಿ)

ನೀವೆಲ್ಲ ಹೇಳಿದ್ದನ್ನು ಒಂದೊಂದಾಗಿ ಮಾಡುತ್ತಾ ಬಂದಿದ್ದೇನೆ. ಅನ್ನ ಹಾಕುವುದನ್ನು ಕಲ್ಲಿನಿಂದ ತೆಗೆದು ಮಾಳಿಗೆಯ ಮೇಲಕ್ಕೆ ಒಯ್ದೆ. ಕಾಗೆ, ಗೊರವಂಕ ಈಗ ಅಲ್ಲಿ ಸೇರುತ್ತವೆ, ಆಳಂದದ ಅಣ್ಣನವರಿಗೂ ಸಮಾಧಾನವಾದೀತು. ಕೆಳಗೆ ಸಜ್ಜೆ, ನವಣೆಯನ್ನು ಒಂದು ಹಿಡಿಯಷ್ಟನ್ನೇ ನಾಲ್ಕು ಕಡೆ ಎರಚುತ್ತೇನೆ, ಅದೂ ಸೂರ್ಯ ಹುಟ್ಟುವ ಹೊತ್ತಿಗೆ. ಪಾರಿವಾಳಗಳು ಒಂಬತ್ತಕ್ಕೆ ಬಂದು ನೋಡಿ, ಏನೂ ಸಿಗದೆ, ಕೆಲವು ದಿನಗಳಲ್ಲಿ ಬರುವುದನ್ನೇ ಕಡಿಮೆ ಮಾಡಿದವು. ಬೆಳವಗಳು ಇವೆ, ಇರಲಿ, ಅವು ಯಾರಿಗೂ ತೊಂದರೆ ಕೊಡುವುದಿಲ್ಲ. ಗುಬ್ಬಿಗಳು ಈಗ ಬೇಲಿ ಬಿಟ್ಟು ಅಂಗಳದ ನಡುವೆ ಬರುತ್ತಿವೆ, ನೋಡಿದರೆ ಹೊಟ್ಟೆ ತುಂಬುತ್ತದೆ.

ಶಹಾಪುರದ ಅಣ್ಣ ಹೇಳಿದ ಅಳತೆಯಲ್ಲೇ ಇಲ್ಲಿ ಬೋನು ಮಾಡಿಸಿದೆ. ಗೊರವಂಕ ಸುತ್ತ ತಿರುಗಿ ಸುಮ್ಮನಾಯಿತು. ಆದರೆ ಅಳಿಲು ಆ ಚೌಕದಲ್ಲಿ ನುಗ್ಗಿ ತಟ್ಟೆಯೊಳಗೇ ಕೂರುತ್ತದೆ! ಇದಕ್ಕೇನು ಮಾಡಲಿ?


ವೆಲ್ಡಿಂಗ್ ಅಂಗಡಿ (ಶಹಾಪುರ)

ಅಕ್ಕ, ಜಾಲರಿಯನ್ನು ಇನ್ನೂ ಸಣ್ಣದು ಮಾಡಿದರೆ ಗುಬ್ಬಿಗೇ ಕಷ್ಟ. ಬೋನನ್ನು ಮರಕ್ಕೆ ಕಟ್ಟಿದ್ದರೆ ಬಿಚ್ಚಿ, ನುಣುಪಾದ ಕಬ್ಬಿಣದ ಕೊಳವೆಯ ಮೇಲೆ ನಿಲ್ಲಿಸಿ. ಕೊಳವೆಯ ನಡುವೆ ತಗಡಿನ ಅಗಲವಾದ ಆಲಿಕೆಯನ್ನು ಬೋರಲು ಹಾಕಿ ಬಿಗಿಯಿರಿ. ಅಳಿಲು ಅದರ ಕೆಳಗೆ ಬಂದು ನಿಲ್ಲುತ್ತದೆ, ಮೇಲೆ ಹತ್ತಲಾರದು. ಮರದ ಕೊಂಬೆ, ಗೋಡೆ ಎರಡರಿಂದಲೂ ಅಳಿಲಿನ ಜಿಗಿತಕ್ಕೆ ಸಿಗದಷ್ಟು ದೂರವಿರಲಿ. ಮರದ ಬುಡದಲ್ಲಿ ಅದಕ್ಕೂ ನಾಲ್ಕು ಶೇಂಗಾ ಇಟ್ಟುಬಿಡಿ, ಕೊಳವೆ ಹತ್ತುವ ಹಟ ಕಡಿಮೆಯಾಗುತ್ತದೆ.


ನಿವೃತ್ತ ಪಶುವೈದ್ಯ (ಬೀದರ್)

ಹುರಿದ, ಉಪ್ಪು ಹಾಕಿದ ಶೇಂಗಾ ಬೇಡ. ಬೂಷ್ಟು ಹಿಡಿದದ್ದಂತೂ ಯಾವ ಪ್ರಾಣಿಗೂ ಬೇಡ, ಅದರಲ್ಲಿ ಅಫ್ಲಾಟಾಕ್ಸಿನ್ ವಿಷವಿರುತ್ತದೆ. ಹಸಿ ಶೇಂಗಾ, ಸಿಪ್ಪೆಯ ಸಮೇತ.


ತೊಗರಿ ಹೊಲ (ಚಿತ್ತಾಪುರ)

ಅಕ್ಕ, ಬಿತ್ತನೆಗೆ ಎತ್ತಿಟ್ಟ ಸಜ್ಜೆ ತೆನೆ ನಮ್ಮಲ್ಲಿ ಮಿಕ್ಕಿದೆ. ಶುಕ್ರವಾರ ನೆಹರು ಗಂಜ್‌ಗೆ ತೊಗರಿ ತರುತ್ತಿದ್ದೇನೆ, ಒಂದು ಚೀಲ ತೆನೆ ಜೊತೆಗೆ ತರುತ್ತೇನೆ. ಯಾರನ್ನಾದರೂ ಹತ್ತು ಗಂಟೆಯೊಳಗೆ ಕಳಿಸಿ, ದುಡ್ಡು ಬೇಡ. ಬೀದರಿನ ತಮ್ಮನಿಗೂ ಬೇಕಿದ್ದರೆ ಬಸ್ಸಿಗೆ ಹಾಕಿ ಕಳಿಸುತ್ತೇನೆ, ವಿಳಾಸವನ್ನು ಇಲ್ಲಿ ಹಾಕದೆ ನನಗೆ ಬೇರೆಯಾಗಿ ಬರೆಯಲಿ.